ಬಾಣಂತಿಯ ಕಿವಿಯ ಹತ್ತಿ

ವಸುಧಾ, ನಿನ್ನ ಮಗು ಮಂಚದಿಂದ ಬಿದ್ದ ಮಧ್ಯಾಹ್ನ ಆ ಇಂಗ್ಲಿಷ್ ಹಾಡು ಕೇಳುತ್ತಿದ್ದವಳು ನೀನಲ್ಲ. ನಾನು. ವಾಕ್‌ಮನ್ ಇದ್ದದ್ದು ನನ್ನ ಮಡಿಲಲ್ಲಿ, ಹೆಡ್‌ಫೋನ್ ಇದ್ದದ್ದು ನನ್ನ ತಲೆಯ ಮೇಲೆ. ನೀನು ನಿದ್ದೆಯಲ್ಲಿದ್ದೆ. ಮಲಗು, ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದು ನಾನೇ ಹೇಳಿದ್ದರಿಂದ ಮಲಗಿದ್ದೆ.

ಹೇಳಬೇಕಾದದ್ದು ಇಷ್ಟೇ. ಇಷ್ಟು ಹೇಳುವುದಕ್ಕೆ ಆ ಮಗುವಿಗೇ ಮಗುವಾಗುವಷ್ಟು ಕಾಲ ತೆಗೆದುಕೊಂಡೆ.

ನಿನ್ನೊಬ್ಬಳಿಗೇ ಹೇಳಿ ಮುಗಿಸಬಹುದಿತ್ತು. ಆದರೆ ಅಂದಿನ ಸುಳ್ಳು ನಿನ್ನ ಮನೆಯೊಳಗೆ ಉಳಿಯಲಿಲ್ಲ. ಡೆಟ್ರಾಯಿಟ್ ಕಡೆಯ ಕನ್ನಡದ ಮನೆಗಳಲ್ಲೆಲ್ಲ ಓಡಾಡಿತು, ಅಲ್ಲಿಂದ ಷಿಕಾಗೋ ಕಡೆಗೂ ಬಂತು. ‘ಕಿವಿಗೆ ಹಾಡು ಹಾಕ್ಕೊಂಡು ಮಗು ಬೀಳಿಸಿದಳಲ್ಲ, ಆ ಹುಡುಗಿ’ ಎಂದು ನನ್ನೆದುರಿಗೇ ಹೇಳಿದವರಿದ್ದಾರೆ. ನಾನು ಅವರಿಗೆ ಹುರುಳಿಕಟ್ಟಿನ ಸಾರು ಬಡಿಸುತ್ತಾ ಸುಮ್ಮನಿದ್ದೆ. ಸುಳ್ಳನ್ನು ಊರೆಲ್ಲ ಕೇಳಿದೆ, ನಿಜವನ್ನೂ ಊರು ಕೇಳಲಿ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕನ್ನಡ ಕೂಟದ ಪತ್ರಿಕೆಗೆ ಇದನ್ನು ಬರೆಯಲು ಮೇಜಿನ ಮುಂದೆ ಕೂತು ಒದ್ದಾಡುವುದನ್ನು ನೋಡಿ ಮಗಳು ಲೀಲಾ, “ಏನಮ್ಮ ಅದು, ನೀನು ಹೇಳು, ನಾನು ಟೈಪ್ ಮಾಡ್ತೀನಿ,” ಅಂದಳು. ಬೇಡ ಅಂದೆ. ಅವಳು ನರ್ಸು. ಗಾಯ ಕಂಡರೆ ಮೊದಲು ಬಟ್ಟೆ ಹೊದಿಸುವುದು ಅವಳ ಕೈಗೆ ಬಂದುಬಿಟ್ಟಿದೆ. ಒತ್ತು ದೀರ್ಘ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ. ವಿಷಯವನ್ನು ಮಾತ್ರ ಯಾರೂ ತಿದ್ದಬಾರದು.

ಬಾಣಂತನ ನನ್ನ ಕಸುಬು. ಲೀಲಾಳ ಹೆರಿಗೆಗೆಂದು ನಂಜನಗೂಡಿನ ಕಡೆಯಿಂದ ಷಿಕಾಗೋ ಪಕ್ಕದ ಸ್ಕೋಕಿಗೆ ಬಂದವಳು ಅವಳ ಮನೆಯಲ್ಲೇ ಉಳಿದೆ. ಗಂಡ ಸತ್ತು ವರ್ಷಗಳಾಗಿದ್ದವು. ಹಿಂದಿರುಗಿ ಹೋಗಿ ಮಾಡುವುದೇನೂ ಇರಲಿಲ್ಲ. ಲೀಲಾಳ ಕೂಸಿಗೆ ನಾನು ಎಣ್ಣೆನೀರು ಹಾಕುವುದನ್ನು ನೋಡಿದ ಬೋಲಿಂಗ್‌ಬ್ರೂಕಿನ ಡಾಕ್ಟರಮ್ಮ ಒಬ್ಬಳು ತನ್ನ ಬಾಣಂತನಕ್ಕೂ ಕರೆದಳು. ಆಮೇಲೆ ಬಾಯಿಂದ ಬಾಯಿಗೆ ಹೋಯಿತು. ಆಗ ಎಷ್ಟೋ ಹುಡುಗಿಯರ ತಾಯಂದಿರಿಗೆ ವೀಸಾ ಸಿಗುತ್ತಿರಲಿಲ್ಲ. ಸಿಕ್ಕಿ ಬಂದವರಿಗೂ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯುವುದು ಮರೆತುಹೋಗಿರುತ್ತಿತ್ತು. ಹಾಗೆ ಮನೆ ಮನೆ ದಾಟಿಕೊಂಡು, ಒಂದು ಚಳಿಗಾಲದಲ್ಲಿ ನಿನ್ನ ಗಂಡ ಶಿವಾನಂದ ಐದು ಗಂಟೆ ಡ್ರೈವ್ ಮಾಡಿ ನನ್ನನ್ನು ಮಿಷಿಗನ್ನಿನ ಕ್ಯಾಂಟನ್ನಿಗೆ ಕರೆದುಕೊಂಡು ಹೋದ. ನಿನಗೆ ಮೊದಲನೇ ಹೆರಿಗೆ, ಹೆಣ್ಣು ಕೂಸು, ನಿತ್ಯಾ.

ನನ್ನ ಬಾಣಂತನಕ್ಕೆ ಕಟ್ಟುಪಾಡು ಇತ್ತು. ಕಿಟಕಿಯ ಸಂದಿಗೆ ಹಳೇ ಸೀರೆ ತುರುಕಬೇಕು. ಬಾಣಂತಿ ಎರಡು ಕಿವಿಗೂ ಹತ್ತಿ ಇಟ್ಟುಕೊಂಡು ತಲೆಗೆ ಬಟ್ಟೆ ಬಿಗಿಯಬೇಕು. ಕಿವಿಯೊಳಗೆ ಗಾಳಿ ಹೊಕ್ಕರೆ ಸನ್ನಿ ಹಿಡಿಯುತ್ತದೆ, ಬುದ್ಧಿ ಕೆಡುತ್ತದೆ, ಹೆತ್ತ ಕೂಸೇ ಬೇಡವಾಗುತ್ತದೆ ಎಂದು ನನ್ನ ಅತ್ತೆ ನನಗೆ ಹೇಳಿದ್ದರು, ಅವರಿಗೆ ಅವರ ಅತ್ತೆ ಹೇಳಿದ್ದರು. ನಾನು ಅದನ್ನು ನಂಬಿದ್ದೆ. ಆಮೇಲೆ ಹೊಗೆ. ಮೊದಲ ದಿನ ನಾನು ಕೆಂಡದ ಮೇಲೆ ಸಾಂಬ್ರಾಣಿ, ಓಮು ಉದುರಿಸಿದ್ದೇ ನಿಮ್ಮ ಸೂರಿಗೆ ಅಂಟಿಸಿದ್ದ ಅಲಾರಮ್ಮು ಕಿರುಚಿಕೊಂಡಿತು. ಶಿವಾನಂದ ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತ.

“ಫೈರ್ ಇಂಜಿನ್ ಬಂದ್ರ ನೀವ ಮಾತಾಡ್ರಿ ಆಂಟಿ,” ಅಂದ.

“ಬರಲಿ ಬಿಡಪ್ಪ, ಅವರಿಗೂ ಒಂದೊಂದು ಲೋಟ ಮೆಣಸಿನ ಸಾರು ಕುಡಿಸಿ ಕಳಿಸ್ತೀನಿ,” ಅಂದೆ.

ನೀನು ನಕ್ಕೆ. ಆಮೇಲೆ ನೀನು ನಕ್ಕದ್ದು ನನಗೆ ಹೆಚ್ಚು ನೆನಪಿಲ್ಲ. ಹಾಲು ಸರಿಯಾಗಿ ಇಳಿಯುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಕೂಸನ್ನು ಎತ್ತಿಕೊಂಡಾಗ ನೀನು ಪಕ್ಕದ ಮನೆಯವರ ಪಿಂಗಾಣಿ ಬಟ್ಟಲನ್ನು ಹಿಡಿದ ಹಾಗೆ ಹಿಡಿಯುತ್ತಿದ್ದೆ. ನಿನ್ನ ಅತ್ತೆ ಶಾಂತವ್ವ ಧಾರವಾಡದಿಂದ ಬಂದಿದ್ದರು. ಕೆಟ್ಟವರಲ್ಲ, ಬಾಯಿ ಸ್ವಲ್ಪ ಜೋರು. ನೀನು ಬೆಂಗಳೂರಿನವಳು, ಕಾಲೇಜಿನಲ್ಲಿ ಗಿಟಾರ್ ಬಾರಿಸುತ್ತಿದ್ದವಳು, ಮಗನೇ ಹುಡುಕಿಕೊಂಡು ಮದುವೆಯಾದವಳು — ಇಷ್ಟೂ ಅವರ ಮಾತಿನಲ್ಲಿ ಇರುತ್ತಿತ್ತು, ಹೇಳದೆಯೂ ಇರುತ್ತಿತ್ತು.

ಹಾಸಿಗೆ ಬದಲಿಸುವಾಗ ನಿನ್ನ ದಿಂಬಿನ ಕೆಳಗೆ ವಾಕ್‌ಮನ್ ಸಿಕ್ಕಿತು.

“ಇದೇನಮ್ಮ? ಬಾಣಂತಿ ಕಿವೀಲಿ ಇದನ್ನ ಇಟ್ಕೋತಾರಾ?”

“ಆಂಟಿ, ಇದು ನಿಮ್ಮ ಹತ್ತಿಗಿಂತ ಚೆನ್ನಾಗಿ ಕಿವಿ ಮುಚ್ಚುತ್ತೆ,” ಅಂದೆ ನೀನು.

ಬಾಗಿಲಲ್ಲಿ ನಿಂತಿದ್ದ ಶಾಂತವ್ವ, “ತಲಿಗೆ ಅದೇನ ಕುದರಿ ಲಗಾಮ ಹಾಕ್ಕೋತಾಳೋ ನನಗಂತೂ ತಿಳೀವಲ್ದು,” ಅಂದರು. ನಾನೂ ಅವರ ಜೊತೆ ನಕ್ಕೆ.

ಅವರು ಹೋದ ಮೇಲೆ ಅದರಲ್ಲಿ ಏನಿದೆ ಎಂದು ಕೇಳಿದೆ. ಒಂದೇ ಹಾಡು, ಎರಡು ಬದಿಗೂ ಮತ್ತೆ ಮತ್ತೆ ಅದನ್ನೇ ತುಂಬಿಸಿಕೊಂಡಿದ್ದೇನೆ ಅಂದೆ ನೀನು. ಇಂಗ್ಲೆಂಡಿನ ನಾಲ್ಕು ಹುಡುಗರು ಹಾಡಿದ್ದು. ಕಾರ್ಖಾನೆ ಮುಚ್ಚಿದ, ಕೆಲಸವಿಲ್ಲದ ಊರಿನ ಹುಡುಗರು. ಕಾಲೇಜಿನ ಸ್ಟೇಜಿನ ಮೇಲೆ ಆ ಹಾಡಿಗೆ ದಪ್ಪ ತಂತಿಯ ಗಿಟಾರ್ ಬಾರಿಸಿದವಳು ನಾನೇ ಅಂದೆ ನೀನು. ಆಗ ನಿನ್ನ ಮುಖಕ್ಕೆ ರಕ್ತ ಬಂದ ಹಾಗೆ ಕಂಡಿತು.

“ಏನಂತೆ ಅದರೊಳಗೆ?”

“ಒಬ್ಬ ಬಸ್ ಸ್ಟಾಪಲ್ಲಿ ನಿಂತಿರ್ತಾನೆ ಆಂಟಿ. ಬಸ್ಸು ಬರಲ್ಲ. ಅವನು ಮನೆಗೂ ಹೋಗಲ್ಲ.”

“ಅಷ್ಟೇನಾ? ಅದರಲ್ಲಿ ಹಾಡೋದೇನಿದೆ?”

“ಅದೇ ಆಂಟಿ. ಒಂದ್ಸಲ ಕೇಳಿ, ಆಮೇಲೆ ಬೈಯಿರಿ.”

ಬೇಡ ಅಂದೆ. ಆದರೆ ಒಂದು ಸಂಗತಿಯನ್ನು ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ. ಆ ಹಾಡು ಕಿವಿಯಲ್ಲಿದ್ದಾಗ ನಿನ್ನ ಹೆಗಲು ಸಡಿಲವಾಗುತ್ತಿತ್ತು, ಹಾಲು ಇಳಿಯುತ್ತಿತ್ತು. ಕೂಸಿನ ಬೆನ್ನ ಮೇಲೆ ನಿನ್ನ ಬೆರಳು ತಾಳ ಹಾಕುತ್ತಿತ್ತು, ಕೂಸು ಕಚ್ಚಿಕೊಂಡು ಕುಡಿಯುತ್ತಿತ್ತು. ಅದಕ್ಕೇ ಒಂದು ಒಪ್ಪಂದ ಮಾಡಿದೆ. ಹಾಲು ಕುಡಿಸುವಾಗ ಮಾತ್ರ ಹಾಡು. ಕುಡಿಸಿದ ಮೇಲೆ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ನೀನು ಒಪ್ಪಿದೆ. ಒಪ್ಪಿದ ಮೇಲೆ ಒಂದು ದಿನವೂ ತಪ್ಪಲಿಲ್ಲ. ಹತ್ತಿಯನ್ನು ಉಂಡೆ ಮಾಡಿ ಇಡುತ್ತಿದ್ದವಳು ನಾನೇ — ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ನಾನು ಮೊದಲ ಸಲ ಆ ಹಾಡು ಕೇಳಿದ್ದು ಕಳ್ಳತನದಲ್ಲಿ. ನೀನು ಸ್ನಾನದ ಮನೆಯಲ್ಲಿದ್ದೆ, ಶಾಂತವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಅದರಲ್ಲಿ ಸನ್ನಿ ಹಿಡಿಸುವಂಥದ್ದು ಏನಿದೆ ನೋಡೋಣ ಎಂದು ಹಾಕಿಕೊಂಡೆ. ಮೊದಲು ದಪ್ಪ ತಂತಿ. ಗೋಡೆಯ ಆಚೆ ಯಾರೋ ಒನಕೆಯಲ್ಲಿ ಕುಟ್ಟುತ್ತಿರುವ ಹಾಗೆ — ನಿಲ್ಲದೆ, ಅವಸರವಿಲ್ಲದೆ. ಮೇಲೆ ತಗಡಿನ ಡಬ್ಬ ಬಡಿದಂಥ ಒಣ ಸದ್ದು. ಅದರ ಮೇಲೆ ಸಾಣೆಕಲ್ಲಿಗೆ ಚೂರಿ ಎಳೆದ ಹಾಗೆ ಇನ್ನೊಂದು ತಂತಿ. ಆಮೇಲೆ ಆ ಗಂಡಸು. ಅವನು ಹಾಡುವುದೇ ಇಲ್ಲ. ರೇಷನ್ ಅಂಗಡಿಯಲ್ಲಿ ಹೆಸರು ಕೂಗುವವನ ಹಾಗೆ ಹೇಳಿಕೊಂಡು ಹೋಗುತ್ತಾನೆ.

ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಆದರೂ ಕೂತುಬಿಟ್ಟೆ.

ನಮ್ಮ ಹಾಡುಗಳಲ್ಲಿ ಯಾರಾದರೂ ಯಾರನ್ನಾದರೂ ಏನಾದರೂ ಕೇಳುತ್ತಲೇ ಇರುತ್ತಾರೆ. ದೇವರೇ ಕಾಪಾಡು, ಕಂದಾ ಮಲಗು, ಗಂಡನೇ ಬೇಗ ಬಾ. ನಾನು ಹಾಡುತ್ತಿದ್ದ ಜೋಗುಳವೂ ಹಾಗೇ. ಇವನು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅಳುತ್ತಿರಲಿಲ್ಲ, ನನ್ನನ್ನೂ ಅಳು ಎನ್ನುತ್ತಿರಲಿಲ್ಲ. ಬಸ್ಸು ಬರಲಿಲ್ಲ, ಸರಿ, ನಿಂತಿದ್ದೇನೆ. ಹುಟ್ಟಿದಂದಿನಿಂದ ನನ್ನನ್ನು ಯಾರೂ ಏನೂ ಕೇಳದೆ ಬಿಟ್ಟ ಹೊತ್ತು ಅದೊಂದೇ ಇರಬೇಕು — ಇರಲಿ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಇಷ್ಟವಾಯಿತು ಅಂದೆ, ಅಷ್ಟೇ. ಆಮೇಲೆ ಸಮಯ ಸಿಕ್ಕಾಗಲೆಲ್ಲ ಕೇಳಿದೆ. ನಿನಗೆ ನಾನು ಲೆಕ್ಕಹಾಕಿ ಕೊಡುತ್ತಿದ್ದ ಹಾಡನ್ನು ನಾನು ಕದ್ದು ಕೇಳಿದೆ.

ಆ ದಿನ ನಿಮ್ಮ ಬೀದಿಯಲ್ಲಿ ಮೊಣಕಾಲೆತ್ತರ ಹಿಮ. ನಿತ್ಯಾಗೆ ಮೂರನೇ ತಿಂಗಳು ನಡೆಯುತ್ತಿತ್ತು. ಹಿಂದಿನ ರಾತ್ರಿಯೆಲ್ಲ ಅವಳು ಅತ್ತಿದ್ದಳು, ನೀನು ಕಣ್ಣು ಮುಚ್ಚಿರಲಿಲ್ಲ. ಊಟವಾದ ಮೇಲೆ ಶಿವಾನಂದನೂ ಶಾಂತವ್ವನೂ ಡೈಪರ್ ತರಲು ಕಾರಿನಲ್ಲಿ ಹೋದರು. ನೀನು ಹಾಲು ಕುಡಿಸಿದೆ, ಹೆಡ್‌ಫೋನ್ ತೆಗೆದಿಟ್ಟೆ. ನಾನು ನಿನ್ನ ಕಿವಿಗೆ ಹತ್ತಿ ಇಟ್ಟು ಬಟ್ಟೆ ಕಟ್ಟಿದೆ.

“ಎಣ್ಣೆ ಹಚ್ಚಿ ನೀರು ಹಾಕಿ ಮಲಗಿಸ್ತೀನಿ. ನೀನು ಮಲಗು.”

“ಅಳ್ತಾಳೆ ಆಂಟಿ.”

“ಅತ್ರೆ ನಾನಿಲ್ವಾ?”

ನೀನು ಮಲಗಿದೆ. ಕಲ್ಲು ನೀರಿಗೆ ಬಿದ್ದ ಹಾಗೆ ನಿದ್ದೆ ಹೋದೆ. ಆ ಮನೆಯಲ್ಲಿ ನೀನು ಹಾಗೆ ಮಲಗಿದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

ನಿನ್ನ ಮಗ್ಗುಲಲ್ಲೇ, ಮಂಚದ ಅಂಚಿಗೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಕೂಸನ್ನು ಮಲಗಿಸಿ ಮೈತುಂಬ ಹರಳೆಣ್ಣೆ ಹಚ್ಚಿದೆ. ಅಮೆರಿಕದ ಮಂಚ, ಎತ್ತರ. ಕೆಳಗೆ ನಾನು ಊರಿನಿಂದ ತಂದಿದ್ದ ಮಣೆ, ನೀರು ಹಾಕುವಾಗ ಕೂರುವ ಮಣೆ. ಎಣ್ಣೆ ಮೈಗೆ ಇಳಿಯಲಿ ಎಂದು ಸ್ವಲ್ಪ ಹೊತ್ತು ಬಿಡಬೇಕು. ಆ ಸ್ವಲ್ಪ ಹೊತ್ತಿಗೆ ಮಂಚಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ವಾಕ್‌ಮನ್ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು.

ಕಿಟಕಿಯ ಹೊರಗೆ ಹಿಮ ತಳ್ಳುವ ಲಾರಿ ಹೋಯಿತು. ಅದರ ಸದ್ದೂ ನನಗೆ ಕೇಳಿಸಲಿಲ್ಲ. ಅವನು ಬಸ್ ಸ್ಟಾಪಿನಲ್ಲಿ ನಿಂತಿದ್ದ, ನಾನೂ ನಿಂತಿದ್ದೆ.

ಕ್ಯಾಸೆಟ್ಟಿನ ಆ ಬದಿ ಮುಗಿದು ಟಕ್ ಎಂದಿತು. ಆಗ ಕೇಳಿಸಿತು. ಕೂಸು ನನ್ನ ಪಕ್ಕದಲ್ಲೇ ನೆಲದ ಮೇಲಿತ್ತು. ಎಣ್ಣೆಯ ಮೈ, ಒದ್ದಾಡಿದೆ, ಜಾರಿದೆ. ಮಣೆಯ ಮೂಲೆ ಹುಬ್ಬಿನ ಮೇಲೆ ತಗುಲಿತ್ತು. ಎಣ್ಣೆಯಲ್ಲಿ ರಕ್ತ ನಿಲ್ಲುವುದಿಲ್ಲ, ಹರಡುತ್ತದೆ. ಬಿದ್ದು ಎಷ್ಟು ಹೊತ್ತಾಗಿತ್ತೋ ನನಗೆ ಗೊತ್ತಿಲ್ಲ. ಈಗಲೂ ಗೊತ್ತಿಲ್ಲ. ಇದೊಂದನ್ನು ಯಾರಾದರೂ ಹೇಳುವಂತಿದ್ದರೆ —

ಕೂಸನ್ನು ಎತ್ತಿ ಗಾಯಕ್ಕೆ ಸೆರಗು ಒತ್ತಿ ಹಿಡಿದೆ. ಹೆಡ್‌ಫೋನ್ ಕಿತ್ತು ವಾಕ್‌ಮನ್ ಸಮೇತ ಮಂಚದ ಮೇಲೆ ಎಸೆದೆ. ಅದು ನಿನ್ನ ಭುಜದ ಹತ್ತಿರ ಬಿತ್ತು. ಬೇಕೆಂದು ಅಲ್ಲಿ ಎಸೆಯಲಿಲ್ಲ. ಆಗಲೇ ಗರಾಜಿನ ಬಾಗಿಲು ಮೇಲೇಳುವ ಗುಡುಗುಡು. ಶಾಂತವ್ವ ಚಪ್ಪಲಿಯಲ್ಲೇ ಒಳಗೆ ಬಂದರು.

“ಏನಾತು? ಕೂಸು ಯಾಕ ಹಿಂಗ ಚೀರಾಕತ್ತೈತಿ?”

ಸೆರಗು ನೋಡಿದರು. ಮಂಚ ನೋಡಿದರು, ನಿನ್ನ ಭುಜದ ಹತ್ತಿರದ ಹೆಡ್‌ಫೋನ್ ನೋಡಿದರು.

“ಹಾಡು ಕೇಳ್ಕೋತ ಮಕ್ಕೊಂಡಿದ್ಲೇನು?”

ನಾನು, “ಹೂಂ,” ಅಂದೆ.

ಅಷ್ಟೇ. ಅವರೇ ಕೇಳಿದರು, ಅವರೇ ದಾರಿ ತೋರಿಸಿದರು ಎನ್ನಬಹುದು. ದಾರಿ ತೋರಿಸಿದವರು ಅವರು, ನಡೆದವಳು ನಾನು. ಆಮೇಲೆ ಕೇಳದೆಯೂ ಹೇಳಿದೆ: “ನಾನು ನೀರು ಕಾದಿದ್ಯಾ ನೋಡೋಕೆ ಬಾತ್‌ರೂಮಿಗೆ ಹೋಗಿದ್ದೆ.”

ನಿನ್ನನ್ನು ಅಲುಗಾಡಿಸಿ ಎಬ್ಬಿಸಿದರು. ನಿನ್ನ ಕಣ್ಣು ತೆರೆದಿತ್ತು, ನೀನಿನ್ನೂ ಎದ್ದಿರಲಿಲ್ಲ. ಶಿವಾನಂದನ ಕೈಗೆ ಕೂಸನ್ನು ಕೊಟ್ಟು ನಾನು ನಿನ್ನ ಹತ್ತಿರ ಬಂದೆ. ಸಮಾಧಾನ ಮಾಡುವವಳ ಹಾಗೆ ತಲೆಯ ಬಟ್ಟೆ ಬಿಚ್ಚಿದೆ, ನಿನ್ನ ಕೆನ್ನೆ ಸವರಿದೆ. ಸವರುತ್ತಾ ಎರಡು ಕಿವಿಯ ಹತ್ತಿಯನ್ನೂ ಬೆರಳಿನಿಂದ ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

‘ಹೂಂ’ ಎಂದದ್ದು ಹೆದರಿಕೆಯಲ್ಲಿ ಬಾಯಿಂದ ಜಾರಿದ್ದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹತ್ತಿ ತೆಗೆದದ್ದು ಜಾರಿದ್ದಲ್ಲ. ಕಿವಿಯಲ್ಲಿ ಹತ್ತಿ ಇದ್ದವಳು ಹಾಡು ಕೇಳುತ್ತಿದ್ದಳು ಎಂದರೆ ಯಾರೂ ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ತೆಗೆದೆ.

ನೀನು ಹೆಡ್‌ಫೋನ್ ಕಡೆ ನೋಡಿದೆ. ಕಿವಿ ಮುಟ್ಟಿ ನೋಡಿಕೊಂಡೆ. “ನಾನು ತೆಗೆದಿಟ್ಟಿದ್ದೆ ಅಲ್ವಾ ಆಂಟಿ?” ಅಂದೆ. ಕೂಸಿನ ತಾಯಿ ನನ್ನನ್ನು ಕೇಳುತ್ತಿದ್ದಾಳೆ, ಬೇರೆ ಯಾರನ್ನೂ ಅಲ್ಲ. ಇನ್ನೊಂದು ಅವಕಾಶ ನನ್ನ ಎದುರಿಗೆ ಬಂದು ನಿಂತಿತ್ತು.

“ನಿದ್ದೆಗಣ್ಣಲ್ಲಿ ಮತ್ತೆ ಹಾಕ್ಕೊಂಡೆ ಕಣಮ್ಮ,” ಅಂದೆ.

ನೀನು ನಂಬಿದೆ. ನಿನ್ನ ಕಿವಿಗಿಂತ ನನ್ನ ಮಾತನ್ನು ನಂಬಿದೆ.

ಆಸ್ಪತ್ರೆಯಲ್ಲಿ ಹುಬ್ಬಿಗೆ ಹೊಲಿಗೆ ಹಾಕಿದರು. ಮಗು ಬಿದ್ದಾಗ ಜೊತೆಯಲ್ಲಿ ಯಾರಿದ್ದರು ಎಂದು ಅಲ್ಲಿಯವರು ಇಂಗ್ಲಿಷಿನಲ್ಲಿ ಕೇಳಿದ್ದು ನನಗೂ ಅರ್ಥವಾಯಿತು. “ನಾನು,” ಅಂದೆ ನೀನು. ಯಾರೂ ಹೇಳಿಕೊಟ್ಟಿರಲಿಲ್ಲ. ಶಿವಾನಂದ ನಿನ್ನ ಮೇಲೆ ಕೂಗಾಡಲಿಲ್ಲ, ಅವನು ಕೂಗುವವನಲ್ಲ. ಬರುವಾಗ ಕಾರಿನಲ್ಲಿ ರೇಡಿಯೋ ಹಾಕಲು ಕೈ ಚಾಚಿದವನು ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದುಕೊಂಡ. ನೀನು ಅದನ್ನು ನೋಡಿದೆ. ನೀನು ನೋಡಿದ್ದನ್ನು ನಾನು ನೋಡಿದೆ.

ಮನೆಗೆ ಬಂದು ನೀನು ವಾಕ್‌ಮನ್ನನ್ನು ಕ್ಯಾಸೆಟ್ ಸಮೇತ ಅಡಿಗೆಮನೆಯ ಕಸದ ಡಬ್ಬಕ್ಕೆ ಹಾಕಿದೆ. ಅದರ ಮೇಲೆ ಈರುಳ್ಳಿ ಸಿಪ್ಪೆ ಬಿತ್ತು. ಅಲ್ಲಿಗೆ ಹಾಲೂ ನಿಂತಿತು. ಪುಡಿ ಹಾಲು ತಂದರು. ಶಾಂತವ್ವ ಊರಿಗೆ ಫೋನು ಮಾಡಿ, “ಹುಡುಗಿಗೆ ಸನ್ನಿ ಆಗೈತಿ,” ಅಂದರು. ಅವರ ವೀಸಾ ಮುಗಿದು ಹೊರಡುವಾಗ ಕೂಸನ್ನೂ ಕರೆದುಕೊಂಡು ಹೋಗುವ ಮಾತು ಬಂತು. ಆಗ ಎಷ್ಟೋ ಮನೆಯವರು ಕೂಸುಗಳನ್ನು ಊರಿಗೆ ಕಳಿಸುತ್ತಿದ್ದರು, ಅದೇನೂ ಹೊಸದಲ್ಲ. ಆದರೆ ಅವರು ಕೆಲಸಕ್ಕೆ ಹೋಗಬೇಕೆಂದು ಕಳಿಸುತ್ತಿದ್ದರು. ನೀನು, “ಕರ್ಕೊಂಡು ಹೋಗಿ ಅತ್ತೆ, ನನ್ನ ಕೈಲಿ ಇರೋದು ಬೇಡ,” ಎಂದು ಕಳಿಸಿದೆ. ನಿತ್ಯಾ ನಡೆಯಲು ಕಲಿತದ್ದು, ಮಾತು ಕಲಿತದ್ದು ಎಲ್ಲ ಧಾರವಾಡದಲ್ಲಿ. ಮೂರು ವರ್ಷದ ಮೇಲೆ ಹಿಂದಿರುಗಿ ಬಂದಾಗ ಏರ್‌ಪೋರ್ಟಿನಲ್ಲಿ ನಿನ್ನನ್ನು ಆಂಟಿ ಅಂದಳಂತೆ. ಇದನ್ನು ನನಗೆ ಬೋಲಿಂಗ್‌ಬ್ರೂಕಿನಲ್ಲಿ ಯಾರೋ ತಮಾಷೆಯೆಂದು ಹೇಳಿದರು.

ನನ್ನನ್ನು ಸೀರೆ ಉಡಿಸಿ ಕಳಿಸಿಕೊಟ್ಟಿರಿ. ನೀನು ಕಾಲಿಗೆ ಬಿದ್ದೆ. “ನೀವು ಇರದಿದ್ದರೆ ಏನಾಗ್ತಿತ್ತೋ ಆಂಟಿ,” ಅಂದೆ. ನಾನು ತಲೆ ಮುಟ್ಟಿ ಆಶೀರ್ವಾದ ಮಾಡಿದೆ.

ಇನ್ನೊಂದು ಉಳಿದಿದೆ. ಇದು ಹೇಳಲು ಕಷ್ಟ, ಬೀಳಿಸಿದ್ದಕ್ಕಿಂತ ಕಷ್ಟ. ಆಸ್ಪತ್ರೆಯಿಂದ ಬಂದ ಆ ಸಂಜೆ ಕಸ ಹೊರಗೆ ಹಾಕಲು ಹೋದವಳು ವಾಕ್‌ಮನ್ ಎತ್ತಿಕೊಂಡೆ. ಸಿಪ್ಪೆ ಒರೆಸಿ ನನ್ನ ಚೀಲದ ತಳಕ್ಕೆ ಹಾಕಿದೆ. ಸ್ಕೋಕಿಗೆ ಬಂದ ಮೇಲೆ ಲೀಲಾ ಕೆಲಸಕ್ಕೆ ಹೋದಾಗ ಕೇಳುತ್ತಿದ್ದೆ. ವರ್ಷಗಟ್ಟಲೆ ಕೇಳಿದೆ. ಆ ಹಾಡು ನಿನ್ನದು, ಅದರ ಪಾಪ ನಿನ್ನ ತಲೆಗೆ ಕಟ್ಟಿದೆ, ಅದರ ಸುಖ ಮಾತ್ರ ನಾನು ಇಟ್ಟುಕೊಂಡೆ. ಕೇಳಿದಾಗ ನಿನ್ನ ನೆನಪಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ಏಕೆ ಸುಳ್ಳು ಹೇಳಿದೆ? ಕಸುಬು ಹೋಗುತ್ತದೆ ಎಂಬ ಹೆದರಿಕೆ ಇತ್ತು. ಅದು ಅರ್ಧ. ಇನ್ನರ್ಧ — ಮಗುವನ್ನು ಬೀಳಿಸಿದೆ ಎಂದು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಗಂಡ ಸತ್ತ ಹೆಂಗಸು, ನಾಲ್ಕು ಜನಕ್ಕೆ ಬುದ್ಧಿ ಹೇಳುವವಳು, ಕಿವಿಗೆ ಇಂಗ್ಲಿಷ್ ಹಾಡು ಹಾಕಿಕೊಂಡು ಕೂತಿದ್ದೆ ಎಂದು ಶಾಂತವ್ವನ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಆ ನಾಚಿಕೆಗೆ ನಿನ್ನ ಕೂಸಿನ ಮೂರು ವರ್ಷ ಕೊಟ್ಟೆ. ಅದನ್ನು ಎಷ್ಟು ತಿರುಗಿಸಿ ಬರೆದರೂ ಹೀಗೇ ಬರುತ್ತದೆ.

ಅಲ್ಲಿಂದಾಚೆ ನಾನು ಯಾವ ಬಾಣಂತಿಯ ಕಿವಿಗೂ ಹತ್ತಿ ಇಡಲಿಲ್ಲ. ಯಾಕೆ ಆಂಟಿ ಎಂದವರಿಗೆ, ಈಗಿನ ಡಾಕ್ಟರು ಬೇಡ ಅಂತಾರೆ ಅಂದೆ. ಸನ್ನಿಯೂ ಯಾರಿಗೂ ಬರಲಿಲ್ಲ.

ಈಗ ನಿತ್ಯಾ ಇಟಾಸ್ಕಾದಲ್ಲಿ ಕೆಲಸ ಮಾಡುತ್ತಾಳೆ, ನನ್ನ ಮಗಳ ಮನೆಗೆ ದೂರವೇನಲ್ಲ. ಈಚೆಗೆ ಒಂದು ಭಾನುವಾರ ಬಂದಳು. ಏಳನೇ ತಿಂಗಳು, ಬಸುರಿನ ಮುಖ ಚೆನ್ನಾಗಿತ್ತು. ಸೀಮಂತಕ್ಕೆ ಕರೆದಳು. ತನ್ನ ಮನೆಗೆ ಊಟಕ್ಕೆ ಬನ್ನಿ ಎಂದು ಕಾರಿನಲ್ಲಿ ಕೂರಿಸಿಕೊಂಡಳು. ಹೈವೇಗೆ ಬಂದ ಮೇಲೆ ಹಾಡು ಹಾಕಿದಳು.

ದಪ್ಪ ತಂತಿ ಶುರುವಾಯಿತು. ನನ್ನ ಕೈ ನನ್ನನ್ನು ಕೇಳಲಿಲ್ಲ. ಮೊಣಕಾಲ ಮೇಲೆ ಬೆರಳು ಬಡಿಯಿತು — ತಗಡಿನ ಸದ್ದು ಬರುವ ಮೊದಲೇ ಅದು ಬರುವ ಕಡೆಗೆ ಹೋಗಿ ನಿಂತಿತು.

ನಿತ್ಯಾ ತಿರುಗಿ ನೋಡಿದಳು. “ವೇಟ್. ಅಜ್ಜಿ, ಯು ನೋ ದಿಸ್ ಸಾಂಗ್?”

“ಇಲ್ಲಮ್ಮ. ನನಗೆಲ್ಲಿ ಗೊತ್ತಾಗುತ್ತೆ,” ಅಂದೆ.

ಇಷ್ಟು ವಯಸ್ಸಾದ ಮೇಲೂ ಅದೇ ಸುಳ್ಳು ಅಷ್ಟೇ ಸಲೀಸಾಗಿ ಬಂತು.

“ಅಮ್ಮ ಹೇಟ್ಸ್ ಇಟ್,” ಅಂದಳು. ಅವಳು ಹುಬ್ಬಿನ ಮೇಲಿನ ಗೆರೆ ತೋರಿಸಿ ನಕ್ಕಳು. “ಇದು ಕೇಳ್ತಾ ನನ್ನ ಡ್ರಾಪ್ ಮಾಡಿದ್ಲಂತೆ. ಇಟ್ಸ್ ಫನ್ನಿ ನೌ, ಬಟ್ ನಾಟ್ ಫಾರ್ ಹರ್. ಅಜ್ಜಿ, ನೀವೇ ಹೇಳಿ ಅಮ್ಮಂಗೆ. ಬಾಣಂತನಕ್ಕೆ ಬರ್ತೀನಿ, ಅಡಿಗೆ ಮಾಡ್ತೀನಿ, ಆದ್ರೆ ಬೇಬಿನ ಎತ್ಕೊಳಲ್ಲ ಅಂತಾಳೆ. ನೆವರ್ ಅಲೋನ್, ಅಂತಾಳೆ. ಶೀ ಸೇಸ್, ನನ್ನ ಕಿವೀನ ನಾನು ನಂಬಲ್ಲ ಅಂತ.”

ನಾನು ಕಿಟಕಿಯ ಕಡೆ ತಿರುಗಿದೆ. ಎಕ್ಸಿಟ್ ಬೋರ್ಡುಗಳು ಹೋಗುತ್ತಿದ್ದವು. ಹಾಡು ಮುಗಿಯಿತು, ಅವಳು ಮತ್ತೆ ಅದನ್ನೇ ಹಾಕಿದಳು. ನಿನ್ನ ಮಗಳು, ವಸುಧಾ. ಅವಳಿಗೆ ಅದನ್ನು ಯಾರೂ ಕೇಳಿಸಿರಲಿಲ್ಲ, ನೀನು ಕೂಡ. ತಾನೇ ಹುಡುಕಿಕೊಂಡಿರಬೇಕು. ಅಥವಾ, ಆ ದಿನಗಳಲ್ಲಿ ನಿನ್ನ ಬೆರಳು ಅವಳ ಬೆನ್ನ ಮೇಲೆ — ನನಗೆ ಅದೆಲ್ಲ ತಿಳಿಯದು.

ಅಷ್ಟು ವರ್ಷ ನಾನು ಅಂದುಕೊಂಡಿದ್ದೆ: ಆದದ್ದು ಆಯಿತು, ಕೂಸು ಹಿಂದಿರುಗಿ ಬಂತು, ಓದಿತು, ಮದುವೆಯಾಯಿತು, ಗಾಯ ಮಾಯಿತು, ಈಗ ಕೆದಕುವುದೇಕೆ. ಮಾಯ್ದದ್ದು ಅವಳ ಹುಬ್ಬು. ನಿನ್ನ ಕೈ ಇನ್ನೂ ಅಲ್ಲೇ ನಿಂತಿದೆ.

ಅಂದು ಊಟಕ್ಕೆ ಕೂತಾಗ ಗಂಟಲಲ್ಲಿ ಅನ್ನ ಇಳಿಯಲಿಲ್ಲ ಎಂದೆಲ್ಲ ಬರೆಯುವುದಿಲ್ಲ. ಊಟ ಮಾಡಿದೆ, ಪಾಯಸ ಕೇಳಿ ಹಾಕಿಸಿಕೊಂಡೆ. ಮನೆಗೆ ಬಂದು ಲೀಲಾಳಿಗೆ ಎಲ್ಲ ಹೇಳಿದೆ. “ಅಮ್ಮ, ಈಗ್ಯಾಕೆ? ಫೋನಲ್ಲಿ ಹೇಳಿಬಿಡು,” ಅಂದಳು. ಫೋನು ಬೇಡ ಅಂದೆ. ಫೋನನ್ನು ಇಟ್ಟುಬಿಡಬಹುದು. ನೀನು ಏನು ಮಾಡಿದರೂ ನಾನು ಎದುರಿಗೆ ಕೂತಿರಬೇಕು.

ಅದಕ್ಕೇ ಶನಿವಾರ ಲೀಲಾ ನನ್ನನ್ನು ಕ್ಯಾಂಟನ್ನಿಗೆ ಕರೆದುಕೊಂಡು ಬರುತ್ತಾಳೆ. ಇದು ಅಚ್ಚಾಗುವ ಮೊದಲೇ ನಿನಗೆ ಬಾಯಲ್ಲಿ ಹೇಳಿರುತ್ತೇನೆ. ಶಿವಾನಂದನೂ ಇರಲಿ, ನಿತ್ಯಾಳನ್ನೂ ಬರಹೇಳಿದ್ದೇನೆ. ಶಾಂತವ್ವ ಈಗಿಲ್ಲ, ಅವರು ನಿನ್ನನ್ನು ತಪ್ಪಾಗಿ ತಿಳಿದುಕೊಂಡೇ ಹೋದರು, ಅದನ್ನು ನಾನಿನ್ನು ಸರಿಮಾಡಲಾರೆ. ನೀನು ಬಾಗಿಲು ಹಾಕಿಕೊಂಡರೆ ಹಾಕಿಕೋ. ಬೈದರೆ ಬೈ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು. ಸೀಮಂತಕ್ಕೆ ನಾನು ಬರುವುದಿಲ್ಲ. ನಿತ್ಯಾಳ ಬಾಣಂತನಕ್ಕೂ ಕೈ ಹಾಕುವುದಿಲ್ಲ. ನಿನ್ನ ಕ್ಯಾಸೆಟ್ ತರುತ್ತೇನೆ. ತುಂಬ ಸವೆದಿದೆ, ವಾಕ್‌ಮನ್ ಕೆಟ್ಟು ಎಷ್ಟೋ ವರ್ಷವಾಯಿತು, ಅದರಿಂದ ನಿನಗೇನೂ ಉಪಯೋಗವಿಲ್ಲ. ಆದರೂ ಅದು ನನ್ನ ಮನೆಯಲ್ಲಿ ಇರಬಾರದು.

ಕೂಸು ಹುಟ್ಟಿದ ದಿನ ಎಲ್ಲರಿಗಿಂತ ಮೊದಲು ನೀನು ಎತ್ತಿಕೋ. ಒಬ್ಬಳೇ ಇದ್ದಾಗ ಎತ್ತಿಕೋ. ನಿನ್ನ ಕಿವಿ ಯಾವತ್ತೂ ಕೆಟ್ಟಿರಲಿಲ್ಲ. ಅದರಲ್ಲಿ ಹತ್ತಿ ಇತ್ತು, ವಸುಧಾ. ಇಟ್ಟವಳೂ ನಾನು, ತೆಗೆದವಳೂ ನಾನು.